ನಿಂಬೆ ಎಲೆಯ ಮೇಲಿನ ರಂಗೋಲಿ

ಮೃಗಶಿರಾ ಮಳೆ ಹಿಡಿದು ವಾರವಾಗಿತ್ತಷ್ಟೆ, ನಮ್ಮ ಹಿತ್ತಲಿನ ನಿಂಬೆ ಗಿಡ ಮೈತುಂಬ ಚಿಗುರಿತು. ಆರು ವರ್ಷದ ಗಿಡ, ಆಳೆತ್ತರ ದಾಟಿದೆ, ಮನೆಗೆ ಸಾಕಾಗಿ ಅಕ್ಕಪಕ್ಕಕ್ಕೂ ಹಂಚುವಷ್ಟು ಕಾಯಿ ಬಿಡುತ್ತದೆ. ಚಿಗುರು ತೆಳ್ಳಗೆ, ತಿಳಿಹಸಿರಾಗಿ, ಮುಟ್ಟಿದರೆ ಎಲ್ಲಿ ನಲುಗುವುದೋ ಎನ್ನುವ ಹಾಗಿತ್ತು. ಹತ್ತು ದಿನ ಕಳೆದಿತ್ತೋ ಇಲ್ಲವೋ, ಅದರಲ್ಲಿ ಅರ್ಧಕ್ಕರ್ಧ ಎಲೆ ಮುರುಟಿಕೊಂಡು ಕೂತಿತು. ಒಂದನ್ನು ಬೆರಳಲ್ಲಿ ಬಿಡಿಸಿ ಬೆಳಕಿಗೆ ಹಿಡಿದರೆ ಎಲೆಯ ತುಂಬ ಬೆಳ್ಳಿ ಗೆರೆ. ಒಂದೇ ಗೆರೆ, ಕೈ ಎತ್ತದೆ ಎಳೆದದ್ದು. ನಡುನರದ ಹತ್ತಿರ ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಬಳುಕಿ, ಹೊರಳಿ, ಬಂದ ದಿಕ್ಕಿಗೇ ಮರಳಿ, ಬರಬರುತ್ತ ಅಗಲವಾಗಿ ಎಲೆಯ ಅಂಚಿಗೆ ಹೋಗಿ ನಿಂತಿತ್ತು.

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದಲೇ ನೋಡಿ, "ಯಾರದೋ ಕಣ್ಣು ಬಿದ್ದಿದೆ, ಒಂದು ಹಳೇ ಚಪ್ಪಲಿ ಕಟ್ಟಿಬಿಡಿ" ಎಂದರು. ಅವರ ಯಜಮಾನರು ಬಸವನಹುಳು ಹರಿದಾಡಿದ ಗುರುತು ಎಂದರು. ಗೆರೆಯ ಹೊಳಪು ನೋಡಿದರೆ ಯಾರಿಗಾದರೂ ಹಾಗನ್ನಿಸಬೇಕು. ಗೊಬ್ಬರದಂಗಡಿಯವನಂತೂ ನಾನು ಎಲೆಯನ್ನು ಕವರಿನಿಂದ ತೆಗೆಯುವ ಮೊದಲೇ ಬಾಟಲಿ ಇಳಿಸಿದ್ದ. "ಇದನ್ನ ವಾರಕ್ಕೊಂದ್ಸಲ ಹೊಡೀರಿ ಸಾರ್." ಹೊಡೆದೆ. ಮೂರು ವಾರ, ಮೂರು ಸಲ. ನಾಲ್ಕನೆಯ ವಾರ ಬಂದ ಹೊಸ ಚಿಗುರಿನಲ್ಲೂ ಅದೇ ಬೆಳ್ಳಿ ಗೆರೆ. ಹಿತ್ತಲಲ್ಲಿ ಕಡಿಮೆಯಾದದ್ದು ಜೇನ್ನೊಣ ಮಾತ್ರ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಮಗಳ ಶಾಲೆಯ ಭೂತಗನ್ನಡಿ ತಂದು ಎಲೆಯನ್ನು ಸರಿಯಾಗಿ ನೋಡಿದೆ.

ಗೆರೆ ಎಲೆಯ ಮೇಲೆ ಇರಲಿಲ್ಲ, ಎಲೆಯ ಒಳಗಿತ್ತು. ಸೂಜಿಯ ಮೊನೆಯಿಂದ ಅದರ ತುದಿಯನ್ನು ಕೀರಿದರೆ, ಬಿಸಿ ಹಾಲಿನ ಮೇಲೆ ಮೊದಲು ಕಟ್ಟುವ ಕೆನೆಯಂಥ ತೆಳು ಪೊರೆ ಎದ್ದು ಬಂತು. ಅದರಡಿ ಒಂದು ಹುಳು. ಹುಳು ಎನ್ನಲೂ ಸಂಕೋಚವಾಗಬೇಕು, ಅಷ್ಟು ಸಣ್ಣದು. ಮೂರು ಮಿಲಿಮೀಟರ್ ಉದ್ದ, ಚಪ್ಪಟೆ, ಹಳದಿ ಬೆರೆತ ಹಸಿರು, ಆಚೆಯಿಂದ ಈಚೆಗೆ ಕಾಣುವಷ್ಟು ಪಾರದರ್ಶಕ. ಕಾಲಿಲ್ಲ. ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗಿತ್ತು. ಎರಡು ಪೊರೆಗಳ ಸಂದಿಯಲ್ಲಿ ಬಾಳುವವರಿಗೆ ಕಾಲಿನಿಂದ ಆಗುವ ಉಪಯೋಗವಾದರೂ ಏನು?

ನಮ್ಮ ರೈತರು ಇದಕ್ಕೆ ಇಟ್ಟಿರುವ ಹೆಸರು ರಂಗೋಲಿ ಹುಳು. ಕೃಷಿ ಕರಪತ್ರಗಳಲ್ಲಿ ಎಲೆ ಸುರಂಗ ಕೀಟ. ನನ್ನ ಮತ ರಂಗೋಲಿಗೆ. ವಿಜ್ಞಾನದ ಹೆಸರು ಫಿಲೋಕ್ನಿಸ್ಟಿಸ್ ಸಿಟ್ರೆಲ್ಲ. ಬೆಳೆದರೆ ಪತಂಗವಾಗುತ್ತದೆ, ಆದರೆ ದೀಪದ ಬುಡದಲ್ಲಿ ರೆಕ್ಕೆ ಬಡಿಯುವ ಪತಂಗಗಳ ಸಾಲಿಗೆ ಇದನ್ನು ಸೇರಿಸಿದರೆ ಕಣ್ಣಿಗೇ ಬೀಳುವುದಿಲ್ಲ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ನಾಲ್ಕು ಮಿಲಿಮೀಟರ್.

ಹೆಸರಿಟ್ಟವನು ಹೆನ್ರಿ ಟಿಬ್ಬಟ್ಸ್ ಸ್ಟೇಂಟನ್ ಎಂಬ ಇಂಗ್ಲಿಷಿನವ, 1856ರಲ್ಲಿ. ಅವನ ಮುಂದಿದ್ದ ಮಾದರಿಗಳು ಕಲ್ಕತ್ತದಿಂದ ಹೋದವು. ದೊಡ್ಡ, ಬಣ್ಣದ ಚಿಟ್ಟೆಗಳ ಹಿಂದೆ ಎಲ್ಲರೂ ಬಲೆ ಹಿಡಿದು ಓಡುತ್ತಿದ್ದ ಕಾಲದಲ್ಲಿ ಈತ ಧೂಳಿನ ಕಣದಂಥ ಪತಂಗಗಳಿಗೆ ಆಯುಷ್ಯ ಕೊಟ್ಟ. ಅವುಗಳ ಬಗ್ಗೆ ಹದಿಮೂರು ಸಂಪುಟ ಬರೆದ. ಅದನ್ನೂ ಇಂಗ್ಲಿಷ್, ಫ್ರೆಂಚ್, ಜರ್ಮನ್, ಲ್ಯಾಟಿನ್ ನಾಲ್ಕು ಭಾಷೆಗಳಲ್ಲಿ ಒಟ್ಟಿಗೇ ಅಚ್ಚು ಹಾಕಿಸಿದ. ಇಂಥ ಹುಚ್ಚಿಲ್ಲದೆ ಇಷ್ಟು ಚಿಕ್ಕ ಜೀವಕ್ಕೆ ಹೆಸರು ಸಿಗುವುದು ಕಷ್ಟವಿತ್ತು.

ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಹೇರಳೆ, ಮಾದಳ ಎಲ್ಲವೂ ಈ ಹುಳುವಿಗೆ ಆಗುತ್ತದೆ. ಬಿಲ್ವಪತ್ರೆಯೂ ಇದೇ ಬಳಗದ ಮರ, ಅದರಲ್ಲೂ ಕಾಣಿಸಿಕೊಂಡಿದೆ. ಈ ಹಣ್ಣುಗಳ ಮೂಲ ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಮ್ಯಾನ್ಮಾರಿನ ಉತ್ತರ, ಚೀನಾದ ಯುನ್ನಾನ್ ಕೂಡುವ ಸೀಮೆ ಎಂದು 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳುತ್ತದೆ. ನಾವು ಉಪ್ಪಿನಕಾಯಿ ಹಾಕುವ ಕಾಗ್ಜಿ ನಿಂಬೆ ಮಾದಳಕ್ಕೂ ಇನ್ನೊಂದು ಕಾಡು ಜಾತಿಗೂ ಹುಟ್ಟಿದ ಮಿಶ್ರ ಸಂತಾನ. ಪತಂಗವೂ ಏಷ್ಯಾದ್ದೇ. ಗಿಡದ್ದೂ ಇದರದ್ದೂ ಹಳೆಯ ಸಂಬಂಧ.

ಹಳೆಯ ಸಂಬಂಧವೆಂದರೆ ಒಬ್ಬರ ಗಡಿಯಾರ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಈ ಪತಂಗದ ಬದುಕೆಲ್ಲ ನಿಂತಿರುವುದು ನಿಂಬೆ ಎಲೆಯ ಎಳೆತನದ ಮೇಲೆ. ಚಿಗುರು ಮೊಳೆತ ಮೊದಲ ದಿನಗಳಲ್ಲಿ ಎಲೆಯ ಹೊರಪೊರೆ ಮೆತ್ತಗಿರುತ್ತದೆ, ಅದರ ಜೀವಕೋಶಗಳಲ್ಲಿ ರಸ ತುಂಬಿರುತ್ತದೆ. ಬಿಸಿಲು ಉಂಡು ಕಡುಹಸಿರಿಗೆ ತಿರುಗಿದ ಮೇಲೆ ಎಲೆ ಚಕ್ಕಳವಾಗುತ್ತದೆ, ಮರಿಹುಳುವಿನ ಬಾಯಿಗೆ ಬಗ್ಗುವುದಿಲ್ಲ. ಹಾಗಾಗಿ ಹೆಣ್ಣು ಪತಂಗ ಸಂಜೆ ಮಬ್ಬಿನಲ್ಲಿ ಹಾರಾಡಿ ಬಲಿತ ಎಲೆಗಳನ್ನೆಲ್ಲ ದಾಟಿ ಬೆರಳುಗುರಿನಷ್ಟಿರುವ ಚಿಗುರನ್ನೇ ಹುಡುಕುತ್ತದೆ. ಎಲೆಯ ಅಡಿಯಲ್ಲಿ ನಡುನರದ ಪಕ್ಕ ಒಂದು ಮೊಟ್ಟೆ ಅಂಟಿಸಿ ಮುಂದಕ್ಕೆ ಹೋಗುತ್ತದೆ. ಒಂದು ಕಡೆ ಒಂದೇ. ಹೀಗೆ ಇಡೀ ಬದುಕಿನಲ್ಲಿ ಐವತ್ತರ ಆಸುಪಾಸು. ಮೊಟ್ಟೆ ಕಣ್ಣಿಗೆ ಬಿದ್ದರೂ ಇಬ್ಬನಿಯ ಹನಿ ಎಂದುಕೊಳ್ಳುತ್ತೇವೆ.

ಮರಿ ಹೊರಗಿನ ಗಾಳಿಯನ್ನು ಒಂದು ಕ್ಷಣವೂ ಕಾಣುವುದಿಲ್ಲ. ಮೊಟ್ಟೆಯ ತಳವನ್ನು ಕೊರೆದು ಸೀದಾ ಎಲೆಯ ಪೊರೆಯಡಿ ಇಳಿಯುತ್ತದೆ. ಅದರ ಬಾಯಿ ಜಗಿಯುವ ಬಾಯಲ್ಲ. ಅಲಗಿನಂತೆ ಚಪ್ಪಟೆಯಾದ ದವಡೆ. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ, ಹುಲ್ಲು ಕೊಯ್ಯುವವರು ಕುಡುಗೋಲು ಬೀಸಿದ ಹಾಗೆ, ಹೊರಪೊರೆಯ ಒಂದೇ ಒಂದು ಪದರದ ಕೋಶಗಳನ್ನು ಸೀಳಿ ರಸ ಹೀರುತ್ತ ಮುಂದಕ್ಕೆ ಸರಿಯುತ್ತದೆ. ರಸ ಹೋದ ಜಾಗಕ್ಕೆ ಗಾಳಿ ತುಂಬುತ್ತದೆ. ಪೊರೆ ಎದ್ದು ನಿಂತು ಬೆಳಕಿಗೆ ಹೊಳೆಯುತ್ತದೆ. ಬೆಳ್ಳಿ ಎಂದದ್ದು ಇದನ್ನೇ. ಗೆರೆಯ ಮಧ್ಯೆ ಇದ್ದಿಲಿನಲ್ಲಿ ಎಳೆದಂತೆ ಓಡುವ ಕಪ್ಪು ದಾರ ಮಾತ್ರ ಅಷ್ಟು ಕಾವ್ಯಮಯವಲ್ಲ, ಹುಳುವಿನ ಹಿಕ್ಕೆ ಅದು. ಕಕ್ಕಸು ಬೇರೆ ಕಟ್ಟಿಕೊಳ್ಳಲು ಜಾಗವಿಲ್ಲದ ಮನೆ.

ಗೆರೆ ಓದಲು ಬಂದರೆ ಜಾತಕವೇ ಸಿಕ್ಕಂತೆ. ಕೂದಲೆಳೆಯಷ್ಟಿರುವ ಕಡೆ ಹುಟ್ಟಿದ್ದು, ಅಗಲವಾದ ಕಡೆಯೆಲ್ಲ ಪೊರೆ ಬಿಟ್ಟು ದೊಡ್ಡದಾದದ್ದು, ಮಧ್ಯದಲ್ಲೇ ತಟಕ್ಕನೆ ನಿಂತುಹೋಗಿದ್ದರೆ ಅಲ್ಲಿ ಯಾರೋ ತಿಂದದ್ದು. ಎಲ್ಲ ಸರಿಯಾಗಿ ನಡೆದರೆ ಗೆರೆ ಎಲೆಯಂಚಿನಲ್ಲಿ ಮುಗಿಯುತ್ತದೆ. ಕೊನೆಯ ಹಂತದ ಹುಳು ಊಟ ಬಿಟ್ಟು ರೇಷ್ಮೆ ನೂಲುತ್ತದೆ. ನೂಲು ಬಿಗಿಯುತ್ತ ಎಲೆಯ ಅಂಚನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಚಳಿಗೆ ಕಂಬಳಿಯ ತುದಿ ಎಳೆದುಕೊಂಡಂತೆ. ಆ ಮಡಿಕೆಯೊಳಗೆ ಕೋಶಾವಸ್ಥೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಎರಡು ವಾರ ಸಾಕು. ಚಳಿ ಜೋರಿದ್ದರೆ ಏಳು ವಾರವೂ ಆಗುತ್ತದೆ.

ಹುರುಳಿಕಾಯಿ, ಟೊಮೆಟೊ ಎಲೆಗಳ ಮೇಲೂ ಇಂಥದೇ ಬಿಳಿ ಗೆರೆ ಕಾಣುತ್ತದಲ್ಲ ಎಂದು ಕೈತೋಟದವರು ಕೇಳಬಹುದು. ಅದರಲ್ಲಿ ಹೆಚ್ಚಿನವು ನೊಣದ ಮರಿಗಳು. ಎಲೆಯೊಳಗೆ ಸುರಂಗ ಕೊರೆಯುವ ಉಪಾಯ ಪತಂಗ, ನೊಣ, ದುಂಬಿ, ಗರಗಸ ಕಣಜ ಎಂಬ ನಾಲ್ಕು ಬೇರೆ ಬೇರೆ ಕುಲಗಳಿಗೆ ಹೊಳೆದಿದೆ. ಗೋಡೆಯನ್ನೇ ತಿಂದು ಗೋಡೆಯೊಳಗೇ ಮಲಗುವ ಮನೆ ಯಾರಿಗೆ ಬೇಡ!

ಬೆಳೆಗಾರರ ಲೆಕ್ಕದಲ್ಲಿ ನಿಂಬೆಗೆ ವರ್ಷಕ್ಕೆ ಮೂರು ಬಹಾರ್. ಮಾವು ಹೂ ಬಿಡುವ ಹೊತ್ತಿನದು ಅಂಬೆ ಬಹಾರ್, ಮೃಗಶಿರಾ ಮಳೆಯ ಹೊತ್ತಿನದು ಮೃಗ ಬಹಾರ್, ಹಸ್ತ ಮಳೆಯ ಹೊತ್ತಿನದು ಹಸ್ತ ಬಹಾರ್. ಗಿಡ ಚಿಗುರಿ ಹೂವಿಗೆ ಬರುವ ಕಾಲಗಳಿವು. ಗಿಡ ಹೀಗೆ ಒಟ್ಟಿಗೆ ಚಿಗುರಿ ಒಟ್ಟಿಗೆ ಬಲಿತರೆ ಪತಂಗಕ್ಕೆ ಸಿಗುವ ಅವಕಾಶ ಕೆಲವೇ ದಿನ. ಆದರೆ ನಾವು ಸುಮ್ಮನಿರುವವರಲ್ಲ. ಕಾಯಿ ಹೆಚ್ಚಲೆಂದು ಯೂರಿಯಾ ಸುರಿಯುತ್ತೇವೆ, ದಿನಾ ನೀರು ಹಾಯಿಸುತ್ತೇವೆ, ಸಿಕ್ಕಸಿಕ್ಕಾಗ ಕತ್ತರಿ ಹಾಕುತ್ತೇವೆ. ಗಿಡ ಹೊತ್ತುಗೊತ್ತಿಲ್ಲದೆ ಚಿಗುರುತ್ತಲೇ ಇರುತ್ತದೆ. ಪತಂಗಕ್ಕೆ ವರ್ಷಪೂರ್ತಿ ಮದುವೆ ಊಟ. ಬುಡದಿಂದ ನೆಟ್ಟಗೆ ಎದ್ದು ಕಾಯಿಯನ್ನೂ ಕೊಡದೆ ನಿಲ್ಲುವ ನೀರುಗೊಂಬೆಗಳಂತೂ ಅದಕ್ಕೆ ಮೊದಲ ಪಂಕ್ತಿ. ಅವನ್ನು ಕಿತ್ತರೆ ನಷ್ಟವಿಲ್ಲ.

ಇಷ್ಟೆಲ್ಲ ಆಗಿ ಮರಕ್ಕೆ ಆಗುವ ನಷ್ಟವೆಷ್ಟು? ನಾಲ್ಕು ವರ್ಷ ದಾಟಿದ, ಹುಷಾರಾದ ಮರಕ್ಕೆ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಇದನ್ನು ನಂಬಲು ನನಗೆ ಸಮಯ ಹಿಡಿಯಿತು, ಏಕೆಂದರೆ ಆ ಮುರುಟಿದ ಎಲೆಗಳು ನೋಡಲು ಅಷ್ಟು ದೈನ್ಯವಾಗಿರುತ್ತವೆ. ಆದರೆ ಹುಳು ಕುಡಿದದ್ದು ಹೊರಪೊರೆಯನ್ನು. ಅದರಡಿಯ ಹಸಿರು ಪದರ ಬಹುಪಾಲು ಹಾಗೇ ಇರುತ್ತದೆ, ಬಿಸಿಲು ಹಿಡಿದು ಅಡುಗೆ ಮಾಡುತ್ತಲೇ ಇರುತ್ತದೆ. ಮರದ ಮೇಲೆ ಹಳೆಯ, ಬಲಿತ ಎಲೆಗಳ ದೊಡ್ಡ ಸಂಸಾರವೇ ಇದೆ. ಅದಕ್ಕೇ ಗೆರೆ ಬಿದ್ದ ಎಲೆಗಳನ್ನು ಕಿತ್ತು ಹಾಕಬೇಡಿ ಎನ್ನುವುದು. ಕಿತ್ತರೆ ದುಡಿಯುವ ಎಲೆಯೂ ಹೋಯಿತು, ಆ ಜಾಗದಲ್ಲಿ ಹೊಸ ಚಿಗುರು ಬಂದು ಪತಂಗಕ್ಕೆ ಮತ್ತೆ ಕರೆಯೋಲೆ ಹೋಯಿತು.

ನಾನು ಹೊಡೆದ ಔಷಧಿಯ ಕತೆಯೂ ಈಗ ಬಿಡಿಸಿ ಹೇಳಬೇಕಿಲ್ಲ. ಮೇಲೆ ಬಿದ್ದು ತಾಗಿ ಕೊಲ್ಲುವ ಔಷಧಿ ಅದು. ಹುಳು ಇರುವುದು ಪೊರೆಯ ಕೆಳಗೆ. ಚಾವಣಿಯ ಮೇಲೆ ನೀರು ಸುರಿದು ಒಳಗೆ ಮಲಗಿದವನಿಗೆ ಸ್ನಾನ ಮಾಡಿಸಲು ಹೊರಟಂತಾಯಿತು. ಹೊರಗೆ ಓಡಾಡುತ್ತಿದ್ದ ಜೀವಿಗಳಿಗೆ ಮಾತ್ರ ಸರಿಯಾಗಿ ತಾಗಿತು. ಆ ಪೈಕಿ ಜೇನ್ನೊಣಗಳಿದ್ದವು. ಇನ್ನೂ ಕೆಲವರಿದ್ದರು, ಅವರ ಮಾತು ಕೊನೆಗೆ ಬರುತ್ತದೆ.

ನರ್ಸರಿಯವರ ಪಾಡು ಬೇರೆ. ಒಂದಡಿ ಎತ್ತರದ ಕಸಿ ಗಿಡಕ್ಕೆ ಇರುವುದೇ ಹತ್ತಿಪ್ಪತ್ತು ಎಲೆ, ಎಲ್ಲವೂ ಎಳೆಯವೇ. ಅದರಲ್ಲಿ ಮುಕ್ಕಾಲು ಮುರುಟಿದರೆ ಗಿಡ ಮೇಲೇಳುವುದಿಲ್ಲ, ಕೊಳ್ಳುವವರೂ ಮುಟ್ಟುವುದಿಲ್ಲ. ಅಲ್ಲಿ ಬೇವಿನ ಬೀಜದ ಕಷಾಯವನ್ನು ಚಿಗುರು ಕಣ್ಣು ಬಿಡುವಾಗಲೇ ಸಿಂಪಡಿಸುವುದಕ್ಕೆ ಅರ್ಥವಿದೆ. ಗೆರೆ ಕಾಣಿಸಿದ ಮೇಲೆ ಓಡಾಡುವುದು ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಈ ಪತಂಗಕ್ಕೆ ಬೆಳೆಗಾರರು ನಿಜಕ್ಕೂ ಭಯಪಡುವಂತೆ ಮಾಡಿದ್ದು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಜೀವ. ನಿಂಬೆಯ ಎಲೆ, ಕಾಯಿ, ಕಡ್ಡಿಗಳ ಮೇಲೆ ಕಂದು ಬಣ್ಣದ ಒರಟು ಗುಳ್ಳೆ, ಸುತ್ತ ಹಳದಿ ಬಳೆ ಇರುವುದನ್ನು ನೋಡಿರುತ್ತೀರಿ. ಕಜ್ಜಿ ರೋಗ. ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ ತರುವಂಥದ್ದು. ಕಾಗ್ಜಿ ನಿಂಬೆಗೆ ಇದು ಬಲುಬೇಗ ಹತ್ತುತ್ತದೆ. ವಿಜಯಪುರದ ಇಂಡಿ ಸೀಮೆಯ ಬೆಳೆಗಾರರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಹಳೆಯ ರೋಗ ಕೂಡ. ಲಂಡನ್ನಿನ ಕ್ಯೂ ಉದ್ಯಾನದ ಒಣಗಿಡ ಸಂಗ್ರಹದಲ್ಲಿ, 1827ರಿಂದ 1831ರ ನಡುವೆ ಡೆಹ್ರಾಡೂನಿನಲ್ಲಿ ಕಿತ್ತ ಮಾದಳದ ಎಲೆಯ ಮೇಲೆ ಕಜ್ಜಿಯ ಗುರುತುಗಳು ಇರುವುದನ್ನು ನೂರು ವರ್ಷದ ಮೇಲೆ ಇಬ್ಬರು ಸಸ್ಯರೋಗ ತಜ್ಞರು ಗುರುತಿಸಿದರು.

ಈ ಬ್ಯಾಕ್ಟೀರಿಯಾ ಮಳೆಹನಿ ಸಿಡಿದಾಗ, ಗಾಳಿ ಬೀಸಿದಾಗ ಎಲೆಯಿಂದ ಎಲೆಗೆ ಹೋಗುತ್ತದೆ. ಒಳನುಗ್ಗಲು ಎಲೆಯ ಉಸಿರುರಂಧ್ರ ಬೇಕು, ಇಲ್ಲವೇ ಗಾಯ ಬೇಕು. ರಂಗೋಲಿ ಹುಳು ಬ್ಯಾಕ್ಟೀರಿಯಾವನ್ನು ಹೊತ್ತು ತಿರುಗುವುದಿಲ್ಲ, ಬಾಗಿಲು ತೆರೆದಿಟ್ಟು ಹೋಗುತ್ತದೆ, ಅಷ್ಟೆ. ಮುಳ್ಳು ಗೀಚಿದ ಗಾಯ ಬೇಗ ಮಾಯುತ್ತದೆ; ಹುಳುವಿನ ಸುರಂಗ ಎಲೆಯುದ್ದಕ್ಕೂ ಹರಡಿದ, ನಿಧಾನಕ್ಕೆ ಮಾಯುವ ಗಾಯ. ಮೇಲಿನ ಪೊರೆ ಹರಿದರೆ ಸಾಕು, ಮಳೆನೀರಿನ ಜೊತೆ ರೋಗ ಒಳಗೆ. ಆಮೇಲೆ ಬೆಳ್ಳಿ ಗೆರೆಯ ಜಾಡಿನಲ್ಲೇ ಕಜ್ಜಿ ಸಾಲುಗಟ್ಟಿ ಏಳುತ್ತದೆ.

ಇವೆರಡೂ ಒಂದೇ ಊರಿಗೆ ಹೊಸದಾಗಿ ಬಂದಿಳಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಫ್ಲಾರಿಡಾ ನೋಡಿತು. 1993ರ ಮೇ ತಿಂಗಳಲ್ಲಿ ರಾಜ್ಯದ ದಕ್ಷಿಣ ತುದಿಯ ಹೋಮ್‌ಸ್ಟೆಡ್ ಎಂಬಲ್ಲಿ ಈ ಪತಂಗ ಕಾಣಿಸಿಕೊಂಡಿತು. ವರ್ಷ ತುಂಬುವಷ್ಟರಲ್ಲಿ ಅಲ್ಲಿನ ಕಿತ್ತಳೆ ಸೀಮೆಯನ್ನೆಲ್ಲ ಹಬ್ಬಿತ್ತು. 1995ರಲ್ಲಿ ಮಯಾಮಿ ವಿಮಾನ ನಿಲ್ದಾಣದ ಹತ್ತಿರದ ಮನೆಯೊಂದರ ಹಿತ್ತಲಲ್ಲಿ ಕಜ್ಜಿ ಸಿಕ್ಕಿತು. ಫ್ಲಾರಿಡಾ ಕಜ್ಜಿಯನ್ನು ಮೊದಲೂ ಕಂಡಿತ್ತು. 1910ರ ಸುಮಾರಿಗೆ ಬಂದದ್ದನ್ನು ಗಿಡಗಳನ್ನು ಸುಟ್ಟು 1933ರ ಹೊತ್ತಿಗೆ ಅಳಿಸಿ ಹಾಕಿತ್ತು. ಆಗ ಈ ಪತಂಗ ಅಲ್ಲಿರಲಿಲ್ಲ. ಈ ಸಲ ಇತ್ತು. ರೋಗ ಸಿಕ್ಕ ಮರದ ಸುತ್ತ 1,900 ಅಡಿಯೊಳಗಿನ ಎಲ್ಲ ನಿಂಬೆ ಜಾತಿಯ ಮರಗಳನ್ನೂ ಕಡಿಯಬೇಕೆಂದು ಸರ್ಕಾರ ಹೊರಟಿತು. ನೆಟ್ಟಗಿದ್ದ, ಕಾಯಿ ತುಂಬಿದ ಮರಗಳು ಮನೆಯವರ ಕಣ್ಣೆದುರೇ ಉರುಳಿದವು. ಜನ ನ್ಯಾಯಾಲಯಕ್ಕೆ ಹೋದರು. ಕಡಿದ ಮರಗಳ ಲೆಕ್ಕ ಕೋಟಿ ದಾಟಿತು. 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ಇನ್ನಷ್ಟು ದೂರ ಬೀಸಿ ಎಸೆದ ಮೇಲೆ, 2006ರ ಜನವರಿಯಲ್ಲಿ ಆ ಕಾರ್ಯಕ್ರಮವನ್ನೇ ಕೈಬಿಟ್ಟರು. ಎಲ್ಲ ತಪ್ಪನ್ನೂ ಪತಂಗದ ತಲೆಗೆ ಕಟ್ಟುವುದು ಸರಿಯಲ್ಲ, ಗಾಳಿಯದೂ ಮನುಷ್ಯರ ಓಡಾಟದ್ದೂ ದೊಡ್ಡ ಪಾಲು. ಆದರೆ ಬಾಗಿಲು ತೆರೆದಿಟ್ಟವರಲ್ಲಿ ಇದೂ ಒಂದು.

ನಮ್ಮಲ್ಲಿ ಹುಟ್ಟಿನಿಂದ ಇರುವ ಹುಳು ಹೊರದೇಶಗಳಲ್ಲಿ ಅಷ್ಟು ರಂಪ ಮಾಡಿದ್ದೇಕೆ? ಇಲ್ಲಿ ಅದರ ಬೆನ್ನ ಹಿಂದೆ ಯಾವಾಗಲೂ ಯಾರಾದರೂ ಇರುತ್ತಾರೆ. ಸಾಸಿವೆ ಕಾಳಿಗಿಂತ ಚಿಕ್ಕ ಕಣಜಗಳವು. ಎಲೆಯ ಮೇಲೆ ಮೀಸೆ ತಟ್ಟುತ್ತ ನಡೆದು, ಪೊರೆಯಡಿ ಹುಳು ಇರುವ ಜಾಗ ಗೊತ್ತುಮಾಡಿಕೊಂಡು, ಅಲ್ಲಿ ತಮ್ಮ ಮೊಟ್ಟೆ ಇಳಿಸುತ್ತವೆ. ಕಣಜದ ಮರಿ ರಂಗೋಲಿ ಹುಳುವನ್ನೇ ಉಂಡು ಬೆಳೆಯುತ್ತದೆ. ಫ್ಲಾರಿಡಾದ ಕೀಟವಿಜ್ಞಾನಿ ಮಾರ್ಜರಿ ಹಾಯ್ ಮತ್ತು ಜೊತೆಗಾರರು 1994ರಲ್ಲಿ ಅಂಥ ಒಂದು ಕಣಜವನ್ನು ಆಸ್ಟ್ರೇಲಿಯಾದಿಂದ ತಂದು ಬಿಟ್ಟರು. ಆಸ್ಟ್ರೇಲಿಯಾದವರು ಅದನ್ನು ತಂದದ್ದು ಥಾಯ್ಲೆಂಡಿನಿಂದ. ಅಜೆನಿಯಾಸ್ಪಿಸ್ ಎಂಬ ಆ ಕಣಜದ ವಿಶೇಷವೆಂದರೆ ಅದು ಇಡುವ ಒಂದು ಮೊಟ್ಟೆ ಹುಳುವಿನ ಮೈಯೊಳಗೆ ಒಡೆದೊಡೆದು ಹಲವಾಗುತ್ತದೆ. ಒಂದೇ ಮೊಟ್ಟೆಯಿಂದ ಒಂದೇ ಅಚ್ಚಿನ ಹಲವು ಕಣಜ. ರಕ್ತಬೀಜನ ಕತೆ ಗೊತ್ತಿರುವ ನಮಗೆ ಇದು ಅಷ್ಟು ವಿಚಿತ್ರವೆನಿಸಬಾರದು. ಅತ್ತ ಸ್ಪೇನಿನ ಪೂರ್ವ ಕರಾವಳಿಯ ಕಿತ್ತಳೆ ತೋಟಗಳಲ್ಲಿ ಕೆಲಸ ಮಾಡಿದ್ದು ಸಿಟ್ರೊಸ್ಟಿಕಸ್ ಎಂಬ ಇನ್ನೊಂದು ಏಷ್ಯಾದ ಕಣಜ. ಅದರ ಪೂರ್ತಿ ಹೆಸರಿನ ಕೊನೆಗೆ ಹೆಸರಿಟ್ಟವರ ಗುರುತಾಗಿ ನಾರಾಯಣನ್ ಎಂದಿರುವುದನ್ನು ನೋಡಿದಾಗ, ಪರದೇಶದ ಬಸ್ಸಿನಲ್ಲಿ ಊರಿನವರು ಸಿಕ್ಕಷ್ಟು ಖುಷಿಯಾಗುತ್ತದೆ.

ಪತಂಗವನ್ನು ಮೋಸಗೊಳಿಸುವ ಪ್ರಯತ್ನವೂ ನಡೆದಿದೆ. ಹೆಣ್ಣು ಬೀರುವ ವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಗಂಡುಗಳನ್ನು ಬಲೆಗೆ ಸೆಳೆಯುವುದು. 1985ರಲ್ಲಿ ಜಪಾನಿನವರು ಅಂಥದೊಂದು ರಾಸಾಯನಿಕ ಕಂಡುಹಿಡಿದರು, ಅಲ್ಲಿನ ಗಂಡುಗಳು ಬಂದವು ಕೂಡ. ಅದನ್ನೇ ಬೇರೆ ದೇಶಗಳಲ್ಲಿ ಇಟ್ಟರೆ ಗಂಡುಗಳು ತಿರುಗಿಯೂ ನೋಡಲಿಲ್ಲ. ಇಪ್ಪತ್ತು ವರ್ಷ ಕಳೆದು, 2006ರಲ್ಲಿ, ಕ್ಯಾಲಿಫೋರ್ನಿಯಾದ ಎರಡು ತಂಡಗಳು ಬೇರೆ ಬೇರೆಯಾಗಿ ಕಾರಣ ಹುಡುಕಿದವು. ಇನ್ನೊಂದು ರಾಸಾಯನಿಕವೂ ಬೇಕಿತ್ತು, ಅದು ಮೂರು ಪಾಲು, ಜಪಾನಿನದು ಒಂದು ಪಾಲು. ಒಂದೇ ಜಾತಿಯ ಪತಂಗ, ಒಂದೇ ನಿಂಬೆ ಎಲೆ, ಆದರೂ ಮಾತು ಸೀಮೆಯಿಂದ ಸೀಮೆಗೆ ಬೇರೆ. ಧಾರವಾಡದವರಿಗೂ ಮಂಗಳೂರಿನವರಿಗೂ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಹಸ್ತ ಮಳೆಗೆ ಗಿಡ ಮತ್ತೆ ಚಿಗುರಿತು. ಈ ಸಲ ಬಾಟಲಿಯನ್ನು ಶೆಡ್ಡಿನಿಂದ ಈಚೆ ತೆಗೆಯಲಿಲ್ಲ. ಅಂಚು ಮಡಿಸಿಕೊಂಡ ಎರಡು ಎಲೆಗಳನ್ನು ಮಾತ್ರ ತೊಟ್ಟಿನ ಸಮೇತ ಕಿತ್ತು, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಒಂದೊಂದನ್ನೂ ಒಂದೊಂದು ಉಪ್ಪಿನಕಾಯಿ ಬಾಟಲಿಗೆ ಹಾಕಿ ಬಾಯಿಗೆ ತೆಳು ಪಂಚೆಯ ಚೂರು ಕಟ್ಟಿದೆ. ಏಳನೆಯ ದಿನ ಬೆಳಗಿನ ಕಾಫಿಗೆ ಎದ್ದಾಗ ಮೊದಲನೆಯ ಬಾಟಲಿಯ ಗೋಡೆಯ ಮೇಲೆ ಒಂದು ಬಿಳಿ ಚುಕ್ಕೆ. ಭೂತಗನ್ನಡಿ ಹಿಡಿದರೆ ಬೆಳ್ಳಿ ಬಣ್ಣದ ರೆಕ್ಕೆ, ಅದರ ಮೇಲೆ ತೆಳು ಕಂದು ಗೆರೆಗಳು, ರೆಕ್ಕೆಯ ತುದಿಯಲ್ಲಿ ಕಾಡಿಗೆ ಇಟ್ಟಂತೆ ಒಂದೊಂದು ಕಪ್ಪು ಬೊಟ್ಟು, ಅಂಚಿಗೆ ಕುಚ್ಚು. ಎಲೆಯ ಮಡಿಕೆಯಿಂದ ಖಾಲಿ ಕೋಶ ಅರ್ಧ ಹೊರಗೆ ಚಾಚಿಕೊಂಡಿತ್ತು. ಇಷ್ಟು ಚೆಂದದ ಜೀವಿಗೆ ನಾನು ಮೂರು ವಾರ ವಿಷ ಹೊಡೆದಿದ್ದೆ.

ಎರಡನೆಯ ಬಾಟಲಿಯಿಂದ ಏನೂ ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು, ಎಲೆ ಹಳದಿಗೆ ತಿರುಗಿತು. ಬಿಸಾಡೋಣವೆಂದು ಎತ್ತಿಕೊಂಡಾಗ ಬಟ್ಟೆಯ ಅಡಿಯಲ್ಲಿ ಏನೋ ಹರಿದಾಡಿತು. ಕಪ್ಪು ಮೈ, ಗಾಜಿನಂಥ ರೆಕ್ಕೆ, ನಿಲ್ಲದೆ ತಟ್ಟುತ್ತಿರುವ ಎರಡು ಮೀಸೆ. ಹಿತ್ತಲಿಗೆ ಒಯ್ದು ಪಂಚೆಯ ಚೂರು ಬಿಚ್ಚಿದೆ. ಕಣಜ ಬಾಟಲಿಯ ಅಂಚಿನಲ್ಲಿ ಒಂದು ಕ್ಷಣ ನಿಂತು, ನಿಂಬೆ ಗಿಡದ ಕಡೆಗೆ ಹಾರಿತು.